ಇಲಿಯ ಮಿದುಳಿನ ಗಡ್ಡೆಯನ್ನು ಹಿಂಬಾಲಿಸಲು ಯಾವ ಸ್ಕ್ಯಾನ್ ಸರಿ?

ಚರ್ಮದ ಕೆಳಗೆ ಬೆಳೆಸಿದ ಗಡ್ಡೆಯನ್ನು ಅಳೆಯುವುದು ಸುಲಭ. ಕ್ಯಾಲಿಪರ್ ಹಿಡಿದು ಉದ್ದ, ಅಗಲ ನೋಡಿದರೆ ಆಯಿತು. ಮಿದುಳಿನೊಳಗಿನ ಗಡ್ಡೆಗೆ ಆ ಸೌಕರ್ಯ ಇಲ್ಲ. ಇಲಿಯ ಇಡೀ ಮಿದುಳು ಅರ್ಧ ಗ್ರಾಮಿಗೂ ಕಡಿಮೆ ತೂಗುತ್ತದೆ, ಮೇಲೆ ತಲೆಬುರುಡೆ ಬೇರೆ. ಒಳಗೆ ಗಡ್ಡೆ ಬೆಳೆಯುತ್ತಿದ್ದರೂ ಇಲಿ ಬಹುದಿನ ಆರಾಮಾಗಿ ಓಡಾಡಿಕೊಂಡೇ ಇರುತ್ತದೆ. ಬೆನ್ನು ಗೂನಾಗಿ, ತೂಕ ಇಳಿದು, ಕೂದಲು ಕೆದರಿ ನಿಂತಾಗ ನಮಗೆ ಗೊತ್ತಾಗುತ್ತದೆ. ಆ ಹೊತ್ತಿಗೆ ಔಷಧಿ ಕೊಟ್ಟು ಪರೀಕ್ಷಿಸುವ ಕಾಲ ಮುಗಿದಿರುತ್ತದೆ.

ಸ್ಕ್ಯಾನ್ ಇಲ್ಲದ ಕಾಲದಲ್ಲಿ ವಾರಕ್ಕೊಂದು ಗುಂಪು ಇಲಿಗಳನ್ನು ಕೊಂದು, ಮಿದುಳು ಕತ್ತರಿಸಿ ನೋಡುತ್ತಿದ್ದರು. ಐದು ವಾರದ ಚಿತ್ರ ಬೇಕಿದ್ದರೆ ಐದು ಗುಂಪು. ಸ್ಕ್ಯಾನ್ ಮಾಡಿದರೆ ಒಂದೇ ಇಲಿಯನ್ನು ಮೊದಲ ವಾರದಿಂದ ಕೊನೆಯವರೆಗೂ ಹಿಂಬಾಲಿಸಬಹುದು. ಪ್ರಾಣಿಗಳ ಸಂಖ್ಯೆ ಕಡಿಮೆ ಮಾಡಿ ಎಂದು ಬ್ರಿಟನ್ನಿನ ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ 1959ರಲ್ಲೇ ಹೇಳಿದ್ದರು. ನಮ್ಮಲ್ಲೂ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಮುಂದೆ ಅರ್ಜಿ ಇಟ್ಟರೆ "ಇಷ್ಟು ಇಲಿ ಯಾಕೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ.

ಹೊಸದಾಗಿ ಪಿಎಚ್‌ಡಿ ಸೇರಿದವರು ಸಾಮಾನ್ಯವಾಗಿ "ಯಾವ ಮೆಷಿನ್ ಚೆನ್ನಾಗಿದೆ?" ಎಂದು ಕೇಳುತ್ತಾರೆ. ಅದಕ್ಕೆ ಮುಂಚೆ ಇನ್ನೊಂದು ವಿಷಯ ಮನಸ್ಸಿಗೆ ಹೋಗಬೇಕು. ಇವುಗಳಲ್ಲಿ ಯಾವ ಯಂತ್ರವೂ ನೇರವಾಗಿ ಗಡ್ಡೆಯನ್ನು ಅಳೆಯುವುದಿಲ್ಲ. ಕ್ಯಾಮೆರಾ ಒಂದು ಕಿಣ್ವದಿಂದ ಬರುವ ಬೆಳಕನ್ನು ಎಣಿಸುತ್ತದೆ. ಎಂಆರ್‌ಐ ನೀರಿನ ನಡವಳಿಕೆಯನ್ನು ನೋಡುತ್ತದೆ. ಪೆಟ್ ಸ್ಕ್ಯಾನ್ ವಿಕಿರಣ ಸೂಸುವ ಒಂದು ಅಣು ಎಲ್ಲಿ ಸೇರಿಕೊಂಡಿತು ಎಂದು ಹೇಳುತ್ತದೆ. ನಿಮ್ಮ ಚಿಕಿತ್ಸೆ ಗಡ್ಡೆಯನ್ನು ಮುಟ್ಟದೆಯೇ ಈ ಬೆಳಕನ್ನೋ, ನೀರನ್ನೋ ಬದಲಿಸಿದರೆ ಗ್ರಾಫ್ ಸುಂದರವಾಗಿ ಇಳಿಯುತ್ತದೆ, ಗಡ್ಡೆ ಅಲ್ಲೇ ಇರುತ್ತದೆ. ಆಯ್ಕೆ ಮಾಡುವಾಗ ನಾನು ಮೊದಲು ನೋಡುವುದು ಇದನ್ನೇ: ನನ್ನ ಚಿಕಿತ್ಸೆ ಯಾವ ಯಂತ್ರವನ್ನು ಮೋಸಗೊಳಿಸಬಲ್ಲದು?

ಬೆಳಕಿನ ಕ್ಯಾಮೆರಾ: ಅಗ್ಗ, ವೇಗ, ಆದರೆ ಮಾತು ಪೂರ್ತಿ ನಂಬಬೇಡಿ

ಬಯೋಲ್ಯೂಮಿನೆಸೆನ್ಸ್ ಎಂದರೆ ಮಿಂಚುಹುಳುವಿನ ತಂತ್ರ. ಅದರ ಲ್ಯೂಸಿಫರೇಸ್ ಕಿಣ್ವದ ಜೀನನ್ನು ಗಡ್ಡೆಯ ಕೋಶಗಳಿಗೆ ಮೊದಲೇ ಸೇರಿಸಿರುತ್ತೇವೆ. ಆಮೇಲೆ ಇಲಿಯ ಹೊಟ್ಟೆಗೆ ಡಿ-ಲ್ಯೂಸಿಫೆರಿನ್ ಚುಚ್ಚುತ್ತೇವೆ, ಸಾಮಾನ್ಯವಾಗಿ ಕಿಲೋ ತೂಕಕ್ಕೆ 150 ಮಿಲಿಗ್ರಾಂ ಲೆಕ್ಕದಲ್ಲಿ. ಸುಮಾರು ಹತ್ತು ಹದಿನೈದು ನಿಮಿಷದಲ್ಲಿ ಬೆಳಕು ಏರಿ ನಿಲ್ಲುತ್ತದೆ. ಕತ್ತಲೆ ಪೆಟ್ಟಿಗೆಯಲ್ಲಿ, ತುಂಬಾ ತಣ್ಣಗಿಟ್ಟ ಸಿಸಿಡಿ ಕ್ಯಾಮೆರಾ ಆ ಫೋಟಾನ್‌ಗಳನ್ನು ಎಣಿಸುತ್ತದೆ. ಹೆಚ್ಚಿನ ಲ್ಯಾಬುಗಳಲ್ಲಿ ಈ ಪೆಟ್ಟಿಗೆಗೆ ಐವಿಸ್ ಎಂದೇ ಹೆಸರು.

ಇದರ ಗುಣ ದೊಡ್ಡದು. ಒಂದೇ ಸಲ ಮೂರರಿಂದ ಐದು ಇಲಿ ಮಲಗಿಸಬಹುದು. ಕೆಲವು ನಿಮಿಷದ ಕೆಲಸ. ನಲವತ್ತು ಇಲಿಗಳ ಪ್ರಯೋಗ ಅರ್ಧ ದಿನದಲ್ಲಿ ಮುಗಿಯುತ್ತದೆ. ಆರೋಗ್ಯವಂತ ಇಲಿಯ ಮೈಯಲ್ಲಿ ತಾನಾಗಿ ಹೊಳೆಯುವುದು ಏನೂ ಇಲ್ಲವಾದ್ದರಿಂದ ಹಿನ್ನೆಲೆ ಹೆಚ್ಚುಕಡಿಮೆ ಕಪ್ಪು. ಹಾಗಾಗಿ ಎಂಆರ್‌ಐಯಲ್ಲಿ ಇನ್ನೂ ಕಾಣದ ಚಿಕ್ಕ ಗಡ್ಡೆಯೂ ಇಲ್ಲಿ ಸಿಗಬಹುದು. ಕೋಶಗಳನ್ನು ಮಿದುಳಿಗೆ ನೆಡುವ ಶಸ್ತ್ರಚಿಕಿತ್ಸೆ ಆಗಿ ಒಂದು ವಾರಕ್ಕೆ ಯಾವ ಇಲಿಯಲ್ಲಿ ಗಡ್ಡೆ ಹಿಡಿದಿದೆ, ಯಾವುದರಲ್ಲಿ ಹಿಡಿದಿಲ್ಲ ಎಂದು ನೋಡಿ ಗುಂಪು ಮಾಡಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ತೊಂದರೆ ಶುರುವಾಗುವುದು ಸಂಖ್ಯೆಯನ್ನು ಗಾತ್ರ ಎಂದುಕೊಂಡಾಗ. ಅಂಗೈ ಹಿಂದೆ ಟಾರ್ಚ್ ಹಿಡಿದು ನೋಡಿ. ಆಚೆಗೆ ಬರುವುದು ಕೆಂಪು ಮಾತ್ರ. ಉಳಿದದ್ದನ್ನು ರಕ್ತದ ಹಿಮೋಗ್ಲೋಬಿನ್ ಹೀರಿಬಿಡುತ್ತದೆ. ಮಿಂಚುಹುಳುವಿನ ಬೆಳಕಿನ ತರಂಗಾಂತರ ಟೆಸ್ಟ್ ಟ್ಯೂಬಿನಲ್ಲಿ 560 ನ್ಯಾನೊಮೀಟರ್ ಆಸುಪಾಸು ಇರುತ್ತದೆ. 37 ಡಿಗ್ರಿ ಮೈಬಿಸಿಯಲ್ಲಿ ಅದು ಕೆಂಪಿನ ಕಡೆಗೆ, 610ರ ಹತ್ತಿರಕ್ಕೆ ಸರಿಯುವುದು ನಮ್ಮ ಅದೃಷ್ಟ, 600 ದಾಟಿದ ಬೆಳಕು ಅಂಗಾಂಶವನ್ನು ದಾಟಿ ಬರುತ್ತದೆ. ಆದರೂ ಮೇಲ್ಪದರದ ಗಡ್ಡೆ ಮತ್ತು ಮೂರು ಮಿಲಿಮೀಟರ್ ಆಳದ ಗಡ್ಡೆ ಒಂದೇ ಗಾತ್ರವಿದ್ದರೂ ಒಂದೇ ಸಂಖ್ಯೆ ಕೊಡುವುದಿಲ್ಲ. ಆಕಾರ ಅಂತೂ ಕೇಳಲೇಬೇಡಿ, ಪರದೆ ಮೇಲೆ ಕಾಣುವುದು ಒಂದು ಮಸುಕು ಮಚ್ಚೆ. 2018ರಲ್ಲಿ ಜಪಾನಿನ ರೈಕೆನ್ ತಂಡ ತಂದ ಅಕಾಲ್ಯೂಕ್ (ಕಿಣ್ವ) ಮತ್ತು ಅಕಾಲ್ಯೂಮಿನ್ (ಚುಚ್ಚುವ ಅಣು) ಜೋಡಿ 650ರ ಆಸುಪಾಸು ಹೊಳೆಯುತ್ತದೆ, ಮಿದುಳಿನ ಆಳಕ್ಕೂ ಸುಲಭವಾಗಿ ತಲುಪುತ್ತದೆ. ಆಳ ನಿಮ್ಮ ತಲೆನೋವಾದರೆ ಅದನ್ನು ಯೋಚಿಸಿ. ಆದರೆ ಮಚ್ಚೆ ಮಚ್ಚೆಯಾಗಿಯೇ ಉಳಿಯುತ್ತದೆ.

ಇಲಿಯ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ನ್ಯೂಡ್ ತಳಿಯ ಇಲಿಗೆ ಕೂದಲೂ ಇಲ್ಲ, ಬಣ್ಣವೂ ಇಲ್ಲ, ಕ್ಯಾಮೆರಾಕ್ಕೆ ಅದು ಹೇಳಿ ಮಾಡಿಸಿದ್ದು. ಸಿ57 ಬ್ಲ್ಯಾಕ್ 6 ಕಪ್ಪು ಇಲಿ. ತಲೆ ಬೋಳಿಸಲೇಬೇಕು. ಬೋಳಿಸಿದ ಮೇಲೂ ಕೂದಲು ಮತ್ತೆ ಬೆಳೆಯುವ ಹಂತದಲ್ಲಿ ಚರ್ಮ ಕಪ್ಪಾಗಿ ಬೆಳಕು ನುಂಗುತ್ತದೆ. ಹೋದ ವಾರಕ್ಕಿಂತ ಈ ವಾರ ಬೆಳಕು ಕಡಿಮೆ ಎಂದರೆ ಔಷಧಿ ಕೆಲಸ ಮಾಡಿದೆ ಎಂದೇನೂ ಅಲ್ಲ, ತಲೆಯ ಚರ್ಮ ನೋಡಿ.

ಇನ್ನು ಕಣ್ಣಿಗೆ ಕಾಣದ ಮೋಸಗಳು. ಮಿಂಚುಹುಳುವಿನ ಲ್ಯೂಸಿಫರೇಸ್‌ಗೆ ಬೆಳಗಲು ಕೋಶದ ಇಂಧನವಾದ ಎಟಿಪಿ ಬೇಕು, ಆಮ್ಲಜನಕವೂ ಬೇಕು. ಗಡ್ಡೆ ದೊಡ್ಡದಾಗಿ ನಡುವೆ ಕೊಳೆತಾಗ, ಉಸಿರುಗಟ್ಟಿದ ಕೋಶಗಳು ಮಂಕಾಗುತ್ತವೆ. ಕೊನೆಯ ವಾರಗಳಲ್ಲಿ ಗಡ್ಡೆ ಬೆಳೆಯುತ್ತಲೇ ಇದ್ದು ಬೆಳಕಿನ ಗೆರೆ ಮಾತ್ರ ಚಪ್ಪಟೆಯಾಗುವುದು ಇದರಿಂದಲೇ. ಡಿ-ಲ್ಯೂಸಿಫೆರಿನ್ ಅನ್ನು ಎಬಿಸಿಜಿ2 ಎಂಬ ಪಂಪ್ ಕೋಶದಿಂದ ಹೊರಗೆ ತಳ್ಳುತ್ತದೆ, ಇದು 2007ರಿಂದಲೇ ಗೊತ್ತು. ಆ ಪಂಪ್ ರಕ್ತದಿಂದ ಮಿದುಳಿಗೆ ಬೇಡದ್ದು ನುಗ್ಗದಂತೆ ಕಾಯುವ ರಕ್ತ-ಮಿದುಳು ತಡೆಯಲ್ಲೂ ಇದೆ, ಎಷ್ಟೋ ಗಡ್ಡೆಕೋಶಗಳಲ್ಲೂ ಇದೆ. ಕೈನೇಸ್ ಎಂಬ ಕಿಣ್ವಗಳನ್ನು ತಡೆಯುವ ಔಷಧಿಗಳಲ್ಲಿ ಹಲವು ಇದೇ ಪಂಪನ್ನು ಕಟ್ಟಿಹಾಕುತ್ತವೆ. ಆಗ ಕೋಶದೊಳಗೆ ಲ್ಯೂಸಿಫೆರಿನ್ ಜಾಸ್ತಿ ಉಳಿದು ಬೆಳಕು ಏರುತ್ತದೆ. ಔಷಧಿ ನಿಜವಾಗಿ ಕೋಶ ಕೊಲ್ಲುತ್ತಿದ್ದರೂ ನಿಮ್ಮ ಗ್ರಾಫಿನಲ್ಲಿ ಅದು ಮುಚ್ಚಿಹೋಗಬಹುದು. ಔಷಧಿ ಕೊಟ್ಟ ದಿನವೇ ಚಿತ್ರ ತೆಗೆಯುವ ಪದ್ಧತಿ ಇದ್ದರೆ ಇದು ಇನ್ನೂ ಅಪಾಯ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ರೋಗನಿರೋಧಕ ಶಕ್ತಿಯದು. ಲ್ಯೂಸಿಫರೇಸ್ ಇಲಿಗೆ ಪರಕೀಯ ಪ್ರೋಟೀನ್. ನ್ಯೂಡ್ ಇಲಿಯಲ್ಲಿ ಪರಕೀಯವನ್ನು ಗುರುತಿಸಿ ದಾಳಿ ಮಾಡುವ ಟಿ ಕೋಶಗಳಿಲ್ಲ, ಅದು ಸುಮ್ಮನಿರುತ್ತದೆ. ಕಪ್ಪು ಇಲಿಯಲ್ಲಿ ಜಿಎಲ್261 ಎಂಬ ಕೋಶಗಳಿಂದ ಗ್ಲಿಯೋಮಾ (ಒಂದು ಬಗೆಯ ಮಿದುಳಿನ ಗಡ್ಡೆ) ಬೆಳೆಸುವವರಿಗೆ ಈ ಭಾಗ್ಯ ಇಲ್ಲ. ಹೊಳೆಯುವ ಜಿಎಲ್261 ಕೋಶಗಳ ಮೇಲೆ ಇಲಿಯ ಟಿ ಕೋಶಗಳು ತಿರುಗಿಬೀಳುವುದನ್ನು ಹಲವರು ತೋರಿಸಿದ್ದಾರೆ. ನೀವು ಪರೀಕ್ಷಿಸುತ್ತಿರುವುದೇ ಇಮ್ಯುನೊಥೆರಪಿ, ಅಂದರೆ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ಎಬ್ಬಿಸುವ ಚಿಕಿತ್ಸೆ ಆದರೆ, ಗೆದ್ದದ್ದು ನಿಮ್ಮ ಔಷಧಿಯೋ, ಲ್ಯೂಸಿಫರೇಸ್ ಮೇಲಿನ ಸಿಟ್ಟೋ ಹೇಗೆ ಹೇಳುತ್ತೀರಿ? ಹುಟ್ಟಿನಿಂದಲೇ ಲ್ಯೂಸಿಫರೇಸ್‌ಗೆ ಒಗ್ಗಿದ ಒಂದು ಇಲಿ ತಳಿಯನ್ನು ಮಾಡಿದ್ದಾರೆ. ತಮಾಷೆ ಅಂದರೆ ಅದರಲ್ಲಿ ಹೊಳೆಯುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಮೈಯ ಬೇರೆ ಕಡೆಯ ಗಡ್ಡೆಗೆ ಅದ್ಭುತ, ತಲೆಯೊಳಗಿನ ಗಡ್ಡೆಗೆ ಅಷ್ಟಕ್ಕಷ್ಟೆ.

ಇಷ್ಟೆಲ್ಲ ಹೇಳಿದ ಮೇಲೂ ಕ್ಯಾಮೆರಾ ಬಿಡಿ ಎನ್ನುವುದಿಲ್ಲ. ಪ್ರತಿ ಇಲಿಯ ಸಂಖ್ಯೆಯನ್ನು ಅದರದೇ ಮೊದಲ ಸಂಖ್ಯೆಯ ಜೊತೆ ಹೋಲಿಸಿ, ಇನ್ನೊಂದು ಇಲಿಯ ಜೊತೆ ಅಲ್ಲ. ಚುಚ್ಚಿದ ಮೇಲೆ ಕಾಯುವ ನಿಮಿಷ, ಅರಿವಳಿಕೆಯ ಪ್ರಮಾಣ ಎಲ್ಲ ವಾರವೂ ಒಂದೇ ಇರಲಿ. ಸೂಜಿ ತಪ್ಪಿ ಕರುಳಿಗೆ ಹೋಗುವುದು ಸಾಮಾನ್ಯ. ಒಂದು ಇಲಿಯ ಬೆಳಕು ಏಕಾಏಕಿ ಬಿದ್ದರೆ ಮರುದಿನ ಇನ್ನೊಮ್ಮೆ ತೆಗೆಯಿರಿ.

ಎಂಆರ್‌ಐ: ನಿಧಾನ, ದುಬಾರಿ, ಆದರೂ ನನ್ನ ಮೊದಲ ಆಯ್ಕೆ

ಆಸ್ಪತ್ರೆಯ ಎಂಆರ್‌ಐ 1.5 ಅಥವಾ 3 ಟೆಸ್ಲಾ ಇರುತ್ತದೆ (ಟೆಸ್ಲಾ ಎಂದರೆ ಮ್ಯಾಗ್ನೆಟ್ ಬಲದ ಅಳತೆ). ಇಲಿಗಳಿಗೆಂದು ಮಾಡಿದವು ಸಾಮಾನ್ಯವಾಗಿ 4.7, 7, 9.4, 11.7 ಟೆಸ್ಲಾ. ಇಲಿ ತಲೆಗೆ ಹೊಂದುವ ಚಿಕ್ಕ ಕಾಯಿಲ್ (ಸಂಕೇತ ಹಿಡಿಯುವ ಸುರುಳಿ) ಇರುತ್ತದೆ. ಚಿತ್ರ ಪದರ ಪದರವಾಗಿ ಬರುತ್ತದೆ, ಒಂದು ಪದರಕ್ಕೆ ಸ್ಲೈಸ್ ಎನ್ನುತ್ತಾರೆ. ಸ್ಲೈಸ್ ಒಳಗೆ ಸುಮಾರು 0.1 ಮಿಲಿಮೀಟರ್‌ವರೆಗಿನ ವಿವರ ಸಿಗುತ್ತದೆ, ಸ್ಲೈಸ್ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಗಡ್ಡೆ ಎಲ್ಲಿದೆ, ಯಾವ ಕಡೆ ಹಬ್ಬಿದೆ, ನಡುಗೆರೆ ಪಕ್ಕಕ್ಕೆ ತಳ್ಳಲ್ಪಟ್ಟಿದೆಯಾ, ದ್ರವದ ಕೋಣೆಗಳು ಊದಿವೆಯಾ ಎಲ್ಲ ಕಾಣುತ್ತದೆ. ಲ್ಯೂಸಿಫರೇಸ್ ಬೇಡ, ಯಾವ ಕೋಶವಾದರೂ ಸರಿ.

ಗಾತ್ರ ಲೆಕ್ಕ ಹಾಕುವುದು ನೇರ. ಪ್ರತಿ ಸ್ಲೈಸಿನಲ್ಲಿ ಗಡ್ಡೆಯ ಗಡಿ ಎಳೆದು, ವಿಸ್ತೀರ್ಣವನ್ನು ದಪ್ಪದಿಂದ ಗುಣಿಸಿ, ಕೂಡಿಸಿದರೆ ಆಯಿತು. ಆದರೆ ಚಿಕ್ಕ ಗಡ್ಡೆಯಲ್ಲಿ ಎಚ್ಚರ. 1 ಮಿಲಿಮೀಟರ್ ಅಡ್ಡಳತೆಯ ಗುಂಡು ಗಡ್ಡೆಯ ಗಾತ್ರ ಅರ್ಧ ಘನ ಮಿಲಿಮೀಟರ್ ಮಾತ್ರ, ಸಿಗುವುದು ಎರಡೋ ಮೂರೋ ಸ್ಲೈಸಿನಲ್ಲಿ. ಗಡಿ ಕೊಂಚ ಆಚೀಚೆ ಎಳೆದರೂ ದೊಡ್ಡ ವ್ಯತ್ಯಾಸ. ಅದೇ ಗಡ್ಡೆ 3 ಮಿಲಿಮೀಟರ್ ಆದಾಗ 14 ಘನ ಮಿಲಿಮೀಟರ್, ಆಗ ಅದೇ ತಪ್ಪಿನ ಪಾಲು ಎಷ್ಟೋ ಕಡಿಮೆ. ಗಡಿ ಎಳೆಯುವವರಿಗೆ ಯಾವ ಇಲಿಗೆ ಔಷಧಿ ಹೋಗಿದೆ ಎಂದು ಗೊತ್ತಿರಬಾರದು. ಇದನ್ನು ಎಲ್ಲರೂ ಒಪ್ಪುತ್ತಾರೆ, ಪಾಲಿಸುವವರು ಕಡಿಮೆ.

ಜಿಎಲ್261 ಅಥವಾ ಯು87 (ಮನುಷ್ಯರ ಗಡ್ಡೆಕೋಶ) ಥರದ ಗಡ್ಡೆ ಒಂದು ಉಂಡೆಯಾಗಿ ಬೆಳೆಯುತ್ತದೆ. ಟಿ1, ಟಿ2 ಎಂದರೆ ಎಂಆರ್‌ಐ ಚಿತ್ರ ತೆಗೆಯುವ ಎರಡು ಬಗೆ. ಟಿ2 ಚಿತ್ರದಲ್ಲಿ, ಇಲ್ಲವೇ ಸೋರಿದ ಜಾಗವನ್ನು ಬೆಳ್ಳಗೆ ತೋರಿಸುವ ಗ್ಯಾಡೊಲಿನಿಯಮ್ ಕೊಟ್ಟು ತೆಗೆದ ಟಿ1 ಚಿತ್ರದಲ್ಲಿ ಇಂಥ ಗಡ್ಡೆ ಸ್ಪಷ್ಟವಾಗಿ ಕಾಣುತ್ತದೆ. ರೋಗಿಯ ಗಡ್ಡೆಯಿಂದ ನೇರವಾಗಿ ತಂದು ಬೆಳೆಸಿದ ಕೋಶಗಳು ಬೇರೆ ಜಾತಿ. ಒಳ್ಳೆಯ ಮಿದುಳಿನೊಳಗೆ ಒಂಟಿ ಒಂಟಿಯಾಗಿ ನುಸುಳಿ ಹೋಗುತ್ತವೆ, ರಕ್ತ-ಮಿದುಳು ತಡೆಯನ್ನು ಅಷ್ಟಾಗಿ ಒಡೆಯುವುದಿಲ್ಲ. ಗ್ಯಾಡೊಲಿನಿಯಮ್ ಸೋರುವುದು ತಡೆ ಒಡೆದಲ್ಲಿ ಮಾತ್ರ. ಹಾಗಾಗಿ ಇಂಥ ಗಡ್ಡೆಯಲ್ಲಿ ಬಿಳಿ ಮಚ್ಚೆ ಕಾಣದಿದ್ದರೆ ಗಡ್ಡೆ ಇಲ್ಲ ಎಂದು ಬರೆದುಬಿಡಬೇಡಿ. ಇಲ್ಲಿ ಕ್ಯಾಮೆರಾವೇ ಎಂಆರ್‌ಐಗಿಂತ ಮುಂದೆ ಇರಬಹುದು.

ಎಂಆರ್‌ಐಯನ್ನು ಮೋಸಗೊಳಿಸುವ ಚಿಕಿತ್ಸೆಗಳೂ ಇವೆ. ರಕ್ತನಾಳ ಬೆಳೆಸುವ ವಿಇಜಿಎಫ್ ಸಂಕೇತವನ್ನು ತಡೆಯುವ ಔಷಧಿ ಕೊಟ್ಟರೆ ಸೋರುವ ನಾಳಗಳು ಬಿಗಿಯಾಗುತ್ತವೆ, ಗ್ಯಾಡೊಲಿನಿಯಮ್ ಸೋರುವುದು ನಿಲ್ಲುತ್ತದೆ, ಬಾವು ಇಳಿಯುತ್ತದೆ. ಚಿತ್ರ ನೋಡಿದವರಿಗೆ ಗಡ್ಡೆ ಕುಗ್ಗಿದ ಹಾಗೆ. 2009ರಲ್ಲಿ ಪ್ರಕಟವಾದ ಸೆಡಿರಾನಿಬ್ ಅಧ್ಯಯನ ಇದನ್ನು ಇಲಿಗಳಲ್ಲೇ ಬಿಡಿಸಿ ತೋರಿಸಿತು. ಬಾವು ಇಳಿದಿದ್ದರಿಂದ ಇಲಿಗಳು ಹೆಚ್ಚು ದಿನ ಬದುಕಿದವು, ಆದರೆ ಗಡ್ಡೆ ಬೆಳೆಯುತ್ತಲೇ ಇತ್ತು. ವಿಕಿರಣ ಅಥವಾ ಇಮ್ಯುನೊಥೆರಪಿ ಕೊಟ್ಟಾಗ ಉಲ್ಟಾ. ಉರಿಯೂತದಿಂದ ಮಚ್ಚೆ ದೊಡ್ಡದಾಗುತ್ತದೆ, ಚಿಕಿತ್ಸೆ ಸೋತಿದೆ ಎನಿಸುತ್ತದೆ. ಇಂಥ ಕಡೆ ಡಿಫ್ಯೂಷನ್ ಸ್ಕ್ಯಾನ್ ಸೇರಿಸಿ. ಕೋಶಗಳು ಸತ್ತು ಜಾಗ ಬಿಟ್ಟಾಗ ನೀರು ಸಲೀಸಾಗಿ ಓಡಾಡುತ್ತದೆ, ಈ ಬದಲಾವಣೆ ಗಡ್ಡೆ ಕುಗ್ಗುವುದಕ್ಕಿಂತ ಮೊದಲೇ ಕಾಣಬಹುದು.

ಕೆಲಸದ ಮಾತು. ಕಿವಿಯ ಲೋಹದ ಟ್ಯಾಗ್ ತೆಗೆಯದೆ ಮ್ಯಾಗ್ನೆಟ್ ಹತ್ತಿರ ಹೋಗಬೇಡಿ. ಕತ್ತಿನ ಹಿಂದೆ ಹಾಕುವ ಮೈಕ್ರೊಚಿಪ್ ಕೂಡ ಚಿತ್ರ ಕೆಡಿಸಬಹುದು. ಎಂಆರ್‌ಐ ಮಾಡುವುದು ಖಚಿತವಾದರೆ ಮೊದಲಿನಿಂದಲೇ ಕಿವಿಗೆ ತೂತು ಹಾಕಿ ಗುರುತು ಮಾಡಿ. ಬುರುಡೆ ಕೊರೆದ ಜಾಗದಲ್ಲಿ ಗಾಳಿಗುಳ್ಳೆ ಅಥವಾ ರಕ್ತ ಉಳಿದರೆ ಅಲ್ಲಿ ಕಪ್ಪು ತೇಪೆ ಕಾಣುತ್ತದೆ, ಅದು ಗಡ್ಡೆಯಲ್ಲ. ಗ್ಯಾಡೊಲಿನಿಯಮ್ ಅನ್ನು ಬಾಲದ ರಕ್ತನಾಳಕ್ಕೆ ಕೊಡುವುದು ಕಷ್ಟ ಎನಿಸಿದರೆ ಹೊಟ್ಟೆಗೂ ಚುಚ್ಚಬಹುದು, ಚಿತ್ರದಲ್ಲಿ ಬಿಳುಪು ಏರಲು ಸ್ವಲ್ಪ ತಡವಾಗುತ್ತದೆ ಅಷ್ಟೆ. ಐಸೊಫ್ಲೂರೇನ್ ಅರಿವಳಿಕೆ ಕೊಟ್ಟು, ಮೈ ಬೆಚ್ಚಗಿಟ್ಟು, ಉಸಿರಾಟ ನೋಡಿಕೊಳ್ಳುತ್ತಾ ಒಂದು ಇಲಿಗೆ ಅರ್ಧ ಗಂಟೆ ಹಿಡಿಯಿರಿ. ನಲವತ್ತು ಇಲಿಗೆ ಇಪ್ಪತ್ತು ಗಂಟೆ. ಮ್ಯಾಗ್ನೆಟ್ ಬುಕಿಂಗ್ ಪುಸ್ತಕದಲ್ಲಿ ಅಷ್ಟು ಜಾಗ ಸಿಗುತ್ತಾ ಎಂದು ಮೊದಲೇ ಕೇಳಿಕೊಳ್ಳಿ.

ಮ್ಯಾಗ್ನೆಟ್ ತಣ್ಣಗಿಡಲು ಹೀಲಿಯಂ ತುಂಬಿಸುವ ಖರ್ಚೇ ತಡೆ ಎಂದರೆ 1 ಟೆಸ್ಲಾದ ಶಾಶ್ವತ ಮ್ಯಾಗ್ನೆಟ್ ಯಂತ್ರಗಳಿವೆ, ಲ್ಯಾಬಿನ ಒಂದು ಮೂಲೆಯಲ್ಲಿ ಕೂರುತ್ತವೆ. ಚಿತ್ರ ಅಷ್ಟು ನುಣುಪಾಗಿರುವುದಿಲ್ಲ. ಉಂಡೆಯಂಥ ಗಡ್ಡೆಯ ಗಾತ್ರ ನೋಡಲು ಸಾಕು. ಆಸ್ಪತ್ರೆಯ 3 ಟೆಸ್ಲಾ ಯಂತ್ರದಲ್ಲಿ ಇಲಿ ಕಾಯಿಲ್ ಹಾಕಿ ನೋಡುವುದೂ ಉಂಟು. ಆದರೆ ರೋಗಿಗಳ ಜಾಗಕ್ಕೆ ಇಲಿ ತರುವುದಕ್ಕೆ ಅನುಮತಿ ಸಿಗುವುದು ಬೇರೆಯೇ ಕಥೆ. ಸಿಕ್ಕರೂ ಅದು ರಾತ್ರಿ ಪಾಳಿಯ ಕೆಲಸವೇ.

ಪೆಟ್: ಗಾತ್ರಕ್ಕಲ್ಲ

ಗಾತ್ರ ಹಿಂಬಾಲಿಸಲು ಪೆಟ್ ಕೇಳುವವರಿಗೆ ನನ್ನ ಉತ್ತರ ನೇರವಾಗಿ: ಬೇಡ. ಇಲಿಗಳ ಪೆಟ್ ಯಂತ್ರ ಹೆಚ್ಚಿನ ಕಡೆ ಒಂದರಿಂದ ಒಂದೂವರೆ ಮಿಲಿಮೀಟರ್ ಬಿಡಿಸಿ ತೋರಿಸುತ್ತದೆ. ಅದರ ಎರಡರಷ್ಟಕ್ಕಿಂತ ಚಿಕ್ಕ ಗಡ್ಡೆ ಇದ್ದದ್ದಕ್ಕಿಂತ ಮಂಕಾಗಿ ಕಾಣುತ್ತದೆ. ಹಾಗಾಗಿ ಎರಡು ವಾರದಲ್ಲಿ ಸಂಕೇತ ಏರಿದ್ದು ಗಡ್ಡೆಯ ಹಸಿವು ಹೆಚ್ಚಿದ್ದರಿಂದಲೋ, ಸುಮ್ನೆ ಗಾತ್ರ ಹೆಚ್ಚಿದ್ದರಿಂದಲೋ ಹೇಳುವುದು ಕಷ್ಟ.

ಟ್ರೇಸರ್, ಅಂದರೆ ವಿಕಿರಣ ಸೂಸುವ ಆ ಅಣುವಿನ ಆಯ್ಕೆಯೂ ಮುಖ್ಯ. ಎಲ್ಲ ಕಡೆ ಸಿಗುವ ಎಫ್‌ಡಿಜಿ ಗ್ಲೂಕೋಸಿನ ತಮ್ಮ. ಒಳ್ಳೆಯ ಮಿದುಳೇ ಗ್ಲೂಕೋಸ್ ಬಕಾಸುರ, ಅದರ ನಡುವೆ ಗಡ್ಡೆ ಎದ್ದು ಕಾಣುವುದಿಲ್ಲ. ಇಲಿಯ ಕಣ್ಣಿನ ಹಿಂದೆ ಹಾರ್ಡೇರಿಯನ್ ಗ್ರಂಥಿ ಎಂದೊಂದಿದೆ, ಮನುಷ್ಯರ ಸ್ಕ್ಯಾನ್ ನೋಡಿ ಅಭ್ಯಾಸವಾದವರಿಗೆ ಇದರ ಗುರುತೇ ಇರುವುದಿಲ್ಲ. ಅದು ಎಫ್‌ಡಿಜಿ ಹೀರಿ ಜಗಜಗಿಸುತ್ತದೆ. ಮುಂಭಾಗದ ಗಡ್ಡೆಯ ಜೊತೆ ಅದನ್ನು ಬೆರೆಸಿಬಿಡುವುದು ಸುಲಭ. ಅಮೈನೊ ಆಮ್ಲದ ಟ್ರೇಸರ್‌ಗಳು, ಮುಖ್ಯವಾಗಿ ಎಫ್‌ಇಟಿ, ಮಿದುಳಿಗೆ ಒಳ್ಳೆಯವು. ಒಳ್ಳೆಯ ಮಿದುಳು ಅದನ್ನು ಕಡಿಮೆ ಹೀರುತ್ತದೆ. ಇವೆರಡರಲ್ಲೂ ವಿಕಿರಣ ಸೂಸುವ ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ. ಅದನ್ನು ತಯಾರಿಸುವ ಸೈಕ್ಲೊಟ್ರಾನ್ ಯಂತ್ರ ಊರಿನ ಇನ್ನೊಂದು ತುದಿಯಲ್ಲಿದ್ದು ಬೆಂಗಳೂರಿನ ಸಂಜೆ ಟ್ರಾಫಿಕ್ ನಡುವೆ ಇದ್ದರೆ ಲೆಕ್ಕ ನೀವೇ ಹಾಕಿಕೊಳ್ಳಿ. ಬೇರೆ ಕೆಲವು ಟ್ರೇಸರ್‌ಗಳಲ್ಲಿರುವ ಕಾರ್ಬನ್-11ರದು 20 ನಿಮಿಷ, ಸೈಕ್ಲೊಟ್ರಾನ್ ಅದೇ ಕಟ್ಟಡದಲ್ಲಿ ಇಲ್ಲದಿದ್ದರೆ ಆಸೆ ಬಿಡಿ.

ಪೆಟ್ ನಿಜವಾಗಿ ಮೇಲುಗೈ ಸಾಧಿಸುವುದು ಬೇರೆ ಪ್ರಶ್ನೆಯಲ್ಲಿ. ನೀವು ಮಾಡಿದ ಆ್ಯಂಟಿಬಾಡಿ ಗಡ್ಡೆಯನ್ನು ತಲುಪುತ್ತಿದೆಯಾ? ಆ್ಯಂಟಿಬಾಡಿಗೆ ಅಂಟಿಸುವ ಜಿರ್ಕೋನಿಯಮ್-89ರ ಅರ್ಧಾಯುಷ್ಯ ಮೂರು ದಿನಕ್ಕಿಂತ ಸ್ವಲ್ಪ ಜಾಸ್ತಿ, ನಿಧಾನವಾಗಿ ಸಾಗುವ ಆ್ಯಂಟಿಬಾಡಿಗೆ ಅದು ಹೊಂದುತ್ತದೆ. ಈ ಪ್ರಶ್ನೆಗೆ ಉಳಿದ ಯಂತ್ರಗಳು ಹತ್ತಿರವೂ ಬರುವುದಿಲ್ಲ.

ಉಳಿದವು

ಸಿಟಿಯಲ್ಲಿ ಮೂಳೆ ಚೆನ್ನಾಗಿ ಕಾಣುತ್ತದೆ, ಗಡ್ಡೆ ಮತ್ತು ಮಿದುಳು ಒಂದೇ ಬೂದು. ಇಲಿಗೆ ಗುರಿಯಿಟ್ಟು ವಿಕಿರಣ ಕೊಡುವವರಿಗೆ ಅದು ಬೇಕು, ಆ ಯಂತ್ರದೊಳಗೇ ಇರುತ್ತದೆ. ಗಡ್ಡೆ ಹಿಂಬಾಲಿಸಲು ಬೇಡ. ಅಲ್ಟ್ರಾಸೌಂಡ್‌ಗೆ ಬುರುಡೆಯೇ ಅಡ್ಡಿ. ಜಿಎಫ್‌ಪಿ ಎಂಬ ಹೊಳೆಯುವ ಪ್ರೋಟೀನಿನ ಹಸಿರು ಬೆಳಕು ಹೊರಗಿನಿಂದ ನೋಡುವವರಿಗೆ ದಕ್ಕುವುದಿಲ್ಲ, ಆದರೂ ಕೋಶಗಳಿಗೆ ಹಾಕಿಡಿ, ಕೊನೆಯಲ್ಲಿ ಮಿದುಳು ಕತ್ತರಿಸಿದಾಗ ಒಂಟಿ ಕೋಶ ಹುಡುಕಲು ಬೇಕಾಗುತ್ತದೆ.

ಟೂ-ಫೋಟಾನ್ ಸೂಕ್ಷ್ಮದರ್ಶಕ ಮಾತ್ರ ಬೇರೆ ಲೋಕ. 1990ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ತಂತ್ರ. ಬುರುಡೆಯ ಒಂದು ತುಂಡು ತೆಗೆದು ಗಾಜಿನ ಕಿಟಕಿ ಕೂರಿಸುತ್ತಾರೆ. ಅದೇ ಕೋಶವನ್ನು ವಾರಗಟ್ಟಲೆ ಮತ್ತೆ ಮತ್ತೆ ಹುಡುಕಿ ನೋಡಬಹುದು. 2015ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನ ತಂಡ ಗ್ಲಿಯೋಮಾ ಕೋಶಗಳು ಉದ್ದ ಉದ್ದ ಎಳೆಗಳಿಂದ ಒಂದಕ್ಕೊಂದು ಹೆಣೆದುಕೊಂಡು, ವಿಕಿರಣವನ್ನೂ ತಾಳಿಕೊಳ್ಳುವುದನ್ನು ಜೀವಂತ ಇಲಿಯಲ್ಲಿ ತೋರಿಸಿದ್ದು ಹೀಗೆಯೇ. ಎಂಆರ್‌ಐಯಲ್ಲಿ ಅದು ಎಂದೂ ಕಾಣುತ್ತಿರಲಿಲ್ಲ. ಆದರೆ ಸಲೀಸಾಗಿ ನೋಡಬಹುದಾದದ್ದು ಮೇಲಿನ ಅರ್ಧ ಮಿಲಿಮೀಟರ್ ಆಸುಪಾಸು. ಮಿದುಳಿನ ಆಳದ ಸ್ಟ್ರಯೇಟಮ್ ಭಾಗದಲ್ಲಿ ಗಡ್ಡೆ ನೆಟ್ಟವರಿಗೆ ಇದು ಕೆಲಸಕ್ಕೆ ಬಾರದು. ಕಿಟಕಿ ಕೂರಿಸುವ ಕೈ ಪಳಗಲು ತಿಂಗಳುಗಳೇ ಬೇಕು.

ಹಾಗಾದರೆ ನಾನು ಏನು ಆರಿಸುತ್ತೇನೆ

ಮನುಷ್ಯರ ಕೋಶ, ನ್ಯೂಡ್ ಇಲಿ, ಹತ್ತಾರು ಔಷಧಿಗಳ ಜರಡಿ: ವಾರಕ್ಕೊಮ್ಮೆ ಕ್ಯಾಮೆರಾ ಸಾಕು. ಗೆದ್ದಂತೆ ಕಂಡ ಒಂದೆರಡು ಔಷಧಿಗೆ ಮಾತ್ರ ಎಂಆರ್‌ಐ ಖರ್ಚು ಮಾಡಿ. ಔಷಧಿ ಎಬಿಸಿಜಿ2 ಪಂಪನ್ನು ಮುಟ್ಟುತ್ತದೆ ಎಂದು ಗೊತ್ತಿದ್ದರೆ ಕ್ಯಾಮೆರಾದ ಮೇಲೆ ತೀರ್ಮಾನ ಬೇಡ.

ಕಪ್ಪು ಇಲಿ, ಜಿಎಲ್261, ಇಮ್ಯುನೊಥೆರಪಿ: ಲ್ಯೂಸಿಫರೇಸ್ ಇಲ್ಲದ ಕೋಶ, ಎಂಆರ್‌ಐ ಮಾತ್ರ. ಈ ಒಂದು ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. ಮ್ಯಾಗ್ನೆಟ್ ಸಮಯ ಕಡಿಮೆ ಇದ್ದರೆ ಇಲಿಗಳ ಸಂಖ್ಯೆಗಿಂತ ಸ್ಕ್ಯಾನ್‌ಗಳ ಸಂಖ್ಯೆ ಕಡಿಮೆ ಮಾಡಿ. ಚಿಕಿತ್ಸೆಗೆ ಮುಂಚೆ ಒಂದು, ಮಧ್ಯದಲ್ಲಿ ಒಂದು ಇದ್ದರೂ ನಡೆಯುತ್ತದೆ.

ರೋಗಿಯ ಕೋಶ, ನುಸುಳುವ ಗಡ್ಡೆ: ಗಡ್ಡೆ ಹಿಡಿದಿದೆಯಾ ಎಂದು ನೋಡಲು ಕ್ಯಾಮೆರಾ, ಎಷ್ಟು ಹಬ್ಬಿದೆ ಎಂದು ನೋಡಲು ಟಿ2 ಮತ್ತು ಡಿಫ್ಯೂಷನ್, ಎರಡರ ಮೇಲೂ ಅರ್ಧ ನಂಬಿಕೆ. ಇಲ್ಲಿ ಕತ್ತರಿಸಿದ ಮಿದುಳೇ ಕೊನೆಯ ಮಾತು.

ಬದುಕುಳಿದ ದಿನಗಳ ಗ್ರಾಫ್ ಕೂಡ ಬೇಕು ಎಂದಾದರೆ ಇನ್ನೊಂದು ಎಚ್ಚರಿಕೆ. ದೊಡ್ಡ ಗಡ್ಡೆಯ ಇಲಿ ಅರಿವಳಿಕೆ ತಾಳದೆ ಮ್ಯಾಗ್ನೆಟ್ ಒಳಗೇ ಸಾಯಬಹುದು. ಅದನ್ನು ಗಡ್ಡೆಯಿಂದ ಸತ್ತಿತು ಎಂದು ಬರೆಯುವುದಾ? ಎರಡೂ ಗುಂಪಿಗೆ ಒಂದೇ ದಿನ, ಒಂದೇ ಸಂಖ್ಯೆಯ ಸ್ಕ್ಯಾನ್ ಇರಲಿ. ಸಾಧ್ಯವಾದರೆ ಬದುಕುಳಿಯುವಿಕೆಗೆ ಸ್ಕ್ಯಾನ್ ಮಾಡದ ಬೇರೆ ಗುಂಪು ಇಡಿ. ಅರಿವಳಿಕೆ ಎಷ್ಟು ಸಲ ಎಂದು ಸಮಿತಿಯ ಅರ್ಜಿಯಲ್ಲೇ ಬರೆದಿಡಿ, ಆಮೇಲೆ ಸೇರಿಸಲು ಹೋದರೆ ಮತ್ತೆ ಸಭೆಗೆ ಕಾಯಬೇಕು.

ಯಾವ ಯಂತ್ರ ಆರಿಸಿದರೂ ಕೆಲವು ಇಲಿಗಳನ್ನು ಕೊನೆಯ ಸ್ಕ್ಯಾನ್ ಆದ ದಿನವೇ ಮುಗಿಸಿ, ಮಿದುಳು ತೆಗೆದು, ಎಂಆರ್‌ಐ ಸ್ಲೈಸ್ ಇದ್ದ ಕೋನದಲ್ಲೇ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ಕೋಶಗಳನ್ನು ತೋರಿಸುವ ಎಚ್ ಆ್ಯಂಡ್ ಇ ಬಣ್ಣ ಹಾಕಿಸಿ. ಕೋನ ಬೇರೆ ಆದರೆ ಚಿತ್ರದ ಮಚ್ಚೆ ಮತ್ತು ಗಾಜಿನ ಮೇಲಿನ ಗಡ್ಡೆ ಹೊಂದಿಸಲು ಆಗುವುದೇ ಇಲ್ಲ.